ಆಲ್ಪ್ಸ್‌ಗೆ ಹೊರಟವರಿಗೆ: ಮೊದಲು ದಾರಿ, ಆಮೇಲೆ ಪಾಸ್

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮಳೆ ಸ್ವಲ್ಪ ಹಿಡಿತಕ್ಕೆ ಬರುತ್ತೆ. ಕಾಫಿ ಕೊಯ್ಲಿಗೆ ಇನ್ನೂ ಎರಡು ತಿಂಗಳು ಇರುತ್ತೆ. ಸಕಲೇಶಪುರ ಕಡೆ ತೋಟ ನೋಡಿಕೊಂಡಿರುವ ನಮ್ಮಂಥವರಿಗೆ ಮನೆ ಬಿಟ್ಟು ಹೋಗೋಕೆ ಸಿಗುವ ಸಮಯ ಅಂದರೆ ಅದೇ. 2024ರಲ್ಲಿ ಆ ಬಿಡುವಿನಲ್ಲೇ ನಾವು ನಾಲ್ಕು ಜನ, ನಮ್ಮನೆಯವರು, ನಾನು, 72 ವರ್ಷದ ಅತ್ತೆ, 12 ವರ್ಷದ ಮಗ, ಸ್ವಿಟ್ಜರ್ಲೆಂಡಿಗೆ ಹೋಗಿ ಎಂಟು ದಿನ ರೈಲಿನಲ್ಲೇ ಓಡಾಡಿ ಬಂದೆವು. ಅವತ್ತಿನಿಂದ ನೆಂಟರಿಷ್ಟರ ಮನೆಯಿಂದ ಫೋನ್ ಬಂದರೆ ಮೊದಲ ಪ್ರಶ್ನೆ ಒಂದೇ: "ಅಕ್ಕಾ, ಅಲ್ಲಿ ಓಡಾಡೋಕೆ ಯಾವ ರೈಲು ಪಾಸ್ ತಗೊಂಡ್ರೆ ಒಳ್ಳೇದು?"

ನಾನು ತಿರುಗಿ ಕೇಳೋದೂ ಒಂದೇ: ಎಷ್ಟು ರಾತ್ರಿ ಇರ್ತೀರಿ, ಯಾವ ಯಾವ ಊರಲ್ಲಿ ಮಲಗ್ತೀರಿ? ಅದನ್ನು ಗೊತ್ತು ಮಾಡಿಕೊಳ್ಳದೆ ಪಾಸ್ ಕೊಳ್ಳೋದು ಎಷ್ಟು ಎಕರೆ ಅಂತ ನೋಡದೆ ಗೊಬ್ಬರ ತರಿಸಿದ ಹಾಗೆ. ಇಲ್ಲಿ ಬರೆಯುತ್ತಿರುವುದು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆಲ್ಲ ಒಟ್ಟಿಗೆ.

ಮೊದಲು ನಮ್ಮ ಘಾಟಿಯನ್ನೇ ನೆನಪು ಮಾಡಿಕೊಳ್ಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಹಳಿಯಲ್ಲಿ 57 ಸುರಂಗ, ನೂರಕ್ಕೂ ಮೇಲೆ ಸೇತುವೆ ಇದೆ. 2021ರಿಂದ ಯಶವಂತಪುರ–ಮಂಗಳೂರು ಹಗಲು ಗಾಡಿಗೆ ಗಾಜಿನ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಅದರಲ್ಲಿ ಕೂತವರಿಗೂ ಅದೇ ಗಾಡಿಯ ಸಾದಾ ಬೋಗಿಯಲ್ಲಿ ಬಾಗಿಲ ಹತ್ತಿರ ನಿಂತವರಿಗೂ ಕಾಣೋದು ಅದೇ ದೋಣಿಗಾಲ್, ಅದೇ ಕಡಗರವಳ್ಳಿ, ಅದೇ ಎಡಕುಮರಿ. ಆಲ್ಪ್ಸ್‌ನಲ್ಲೂ ಹಾಗೇ. ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್ ಅಂತ ಹೆಸರು ಮಾಡಿದ ಗಾಡಿಗಳು ಓಡುವ ಹಳಿಯ ಮೇಲೇ ದಿನವಿಡೀ ಊರೂರಿಗೆ ನಿಲ್ಲುವ ಸಾದಾ ಗಾಡಿಗಳೂ ಓಡುತ್ತವೆ. ಹೆಸರಿನ ಗಾಡಿಗೆ ಟಿಕೆಟ್ ಮೇಲೆ ಸೀಟ್ ರಿಸರ್ವೇಶನ್ ಅಂತ ಬೇರೆ ದುಡ್ಡು ಕೊಡಬೇಕು, ಸಾದಾ ಗಾಡಿಗೆ ಬೇಡ. ಇಷ್ಟು ತಿಳಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಹೋಗುತ್ತೆ.

ಇನ್ನೊಂದು ವಿಷಯಕ್ಕೆ ನನಗೆ ಆ ಹಳಿಗಳ ಮೇಲೆ ವಿಶೇಷ ಪ್ರೀತಿ. ನಾನು ಚಿಕ್ಕವಳಿದ್ದಾಗ ನಮ್ಮ ಘಾಟಿಯಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜ್ ಗಾಡಿ. 1996ರಲ್ಲಿ ಬ್ರಾಡ್ ಗೇಜ್ ಮಾಡೋಕೆ ಅಂತ ಅದು ನಿಂತಿತು. ಮತ್ತೆ ಜನರ ಗಾಡಿ ಬಂದದ್ದು 2007ರ ಕೊನೆಗೆ. ಆ ಚಿಕ್ಕ ಗಾಡಿ ಇನ್ನು ಕಣ್ಣಿಗೆ ಬೀಳಲ್ಲ ಅಂದುಕೊಂಡಿದ್ದೆ. ಲುಸರ್ನ್ ಸ್ಟೇಷನ್ನಿನಲ್ಲಿ ಇಂಟರ್‌ಲಾಕನ್ ಗಾಡಿಯ ಮುಂದೆ ನಿಂತು ಕೆಳಗೆ ನೋಡಿದರೆ ಅದೇ ಒಂದು ಮೀಟರ್ ಅಗಲದ ಹಳಿ! ಲುಸರ್ನ್–ಇಂಟರ್‌ಲಾಕನ್, ಝೆರ್ಮಾಟ್–ಸೇಂಟ್ ಮೊರಿಟ್ಜ್, ಬರ್ನಿನಾ, ಅಲ್ಲಿನ ಒಳ್ಳೊಳ್ಳೆ ಬೆಟ್ಟದ ದಾರಿಗಳೆಲ್ಲ ಮೀಟರ್ ಗೇಜ್. ಹಳಿ ಕಿರಿದಾದರೆ ತಿರುವನ್ನು ಬಿಗಿಯಾಗಿ ತಿರುಗಿಸಬಹುದು, ಬೆಟ್ಟವನ್ನು ಕಡಿಮೆ ಕಡಿದರೆ ಸಾಕು. ಅದಕ್ಕೇ ಆ ಗಾಡಿಗಳು ಬೆಟ್ಟಕ್ಕೆ ಅಂಟಿಕೊಂಡ ಹಾಗೆ ಹೋಗೋದು.

ಈಗ ಲೆಕ್ಕಕ್ಕೆ ಬರೋಣ. ಎಲ್ಲ ದರ 2024ರದು, ನೀವು ಹೋಗುವ ವರ್ಷದ್ದನ್ನು ನೋಡಿಕೊಂಡು ಇದೇ ಲೆಕ್ಕ ಹಾಕಿ. ನಾವು ಒಂದು ಫ್ರಾಂಕಿಗೆ ನೂರು ರೂಪಾಯಿ ಅಂತ ಹಿಡಿದಿದ್ದೆವು, ಹೆಚ್ಚುಕಮ್ಮಿ ಅಷ್ಟೇ ಇತ್ತು.

ಸ್ವಿಸ್ ಟ್ರಾವೆಲ್ ಪಾಸ್ ಅಂದರೆ ತಗೊಂಡಷ್ಟು ದಿನ ರೈಲು, ಬಸ್ಸು, ಸರೋವರದ ದೋಣಿ, ಊರೊಳಗಿನ ಟ್ರಾಮ್ ಎಲ್ಲಕ್ಕೂ ಒಂದೇ ಚೀಟಿ. ಮ್ಯೂಸಿಯಂಗಳೂ ಸೇರುತ್ತವೆ. 3, 4, 6, 8, 15 ದಿನಕ್ಕೆ ಸಿಗುತ್ತೆ. ಎರಡನೇ ದರ್ಜೆಯಲ್ಲಿ 3 ದಿನಕ್ಕೆ 244 ಫ್ರಾಂಕ್, 4ಕ್ಕೆ 295, 6ಕ್ಕೆ 379, 8ಕ್ಕೆ 419, 15ಕ್ಕೆ 459. ಈ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದು ದಿನದಿಂದ ಭಾಗಿಸಿ ನೋಡಿ. 3 ದಿನದ್ದು ದಿನಕ್ಕೆ 81 ಫ್ರಾಂಕ್ ಬೀಳುತ್ತೆ, 8 ದಿನದ್ದು 52, 15 ದಿನದ್ದು ಬರೀ 31. ಅಂದರೆ ಚಿಕ್ಕ ಪಾಸ್ ದುಬಾರಿ, ದೊಡ್ಡದು ಅಗ್ಗ. ಒಂಬತ್ತು ದಿನ ಇರೋರು 8 ದಿನದ್ದು ತಗೊಂಡು ಒಂದು ದಿನಕ್ಕೆ ಬಿಡಿ ಟಿಕೆಟ್ ತೆಗೆಯುವ ಬದಲು 40 ಫ್ರಾಂಕ್ ಹೆಚ್ಚು ಕೊಟ್ಟು 15 ದಿನದ್ದೇ ತಗೊಳ್ಳೋದು ಒಳ್ಳೇದು ಅನ್ನೋದು ಹೀಗೆ ಬರೆದು ನೋಡಿದಾಗಲೇ ಕಣ್ಣಿಗೆ ಬೀಳೋದು. ಇದರಲ್ಲೇ ಫ್ಲೆಕ್ಸ್ ಅಂತ ಒಂದು ಇದೆ. ಒಂದು ತಿಂಗಳೊಳಗೆ ಬೇಕಾದ ದಿನ ಆರಿಸಿಕೊಳ್ಳಬಹುದು, ದರ ಸ್ವಲ್ಪ ಹೆಚ್ಚು. ಮಧ್ಯೆ ಮಧ್ಯೆ ಒಂದೇ ಊರಿನಲ್ಲಿ ಸುಮ್ಮನೆ ಇರುವವರಿಗೆ ಅದು.

ಎರಡನೆಯದು ಹಾಫ್ ಫೇರ್ ಕಾರ್ಡ್. ಒಂದು ತಿಂಗಳಿಗೆ 120 ಫ್ರಾಂಕ್. ಇದನ್ನು ಇಟ್ಟುಕೊಂಡರೆ ಪ್ರತಿ ಸಲ ಟಿಕೆಟ್ ತೆಗೆಯಬೇಕು, ಆದರೆ ಅರ್ಧ ದುಡ್ಡು. ಬೆಟ್ಟದ ಮೇಲಿನ ಬಹುಪಾಲು ರೈಲು, ರೋಪ್‌ವೇಗಳಿಗೂ ಅರ್ಧವೇ.

ಇವೆರಡರಲ್ಲಿ ಯಾವುದು? ಎಸ್‌ಬಿಬಿ ಮೊಬೈಲ್ ಅನ್ನೋ ಸ್ವಿಸ್ ರೈಲ್ವೆಯ ಆ್ಯಪ್ ಹಾಕಿಕೊಳ್ಳಿ. ನೀವು ಹೋಗುವ ಪ್ರತಿ ದಾರಿಯ ಪೂರ್ತಿ ಟಿಕೆಟ್ ದರವನ್ನು ದಿನವಾರು ಬರೆದು ಕೂಡಿಸಿ. 8 ದಿನದ ಪಾಸ್‌ಗೆ 419. ಹಾಫ್ ಫೇರ್ ಆದರೆ 120ರ ಜೊತೆಗೆ ನಿಮ್ಮ ಮೊತ್ತದ ಅರ್ಧ. ಮೊತ್ತ 598 ಬಂದರೆ ಎರಡೂ ಸಮ. ಸುಮಾರು 600ಕ್ಕಿಂತ ಮೇಲೆ ಹೋದರೆ ಪಾಸ್, ಕೆಳಗೆ ಉಳಿದರೆ ಹಾಫ್ ಫೇರ್. ನಮ್ಮ ಪಟ್ಟಿ ಒಬ್ಬರಿಗೆ 600 ಸ್ವಲ್ಪ ದಾಟಿತ್ತು, ತುಂಬಾ ಏನಲ್ಲ. ಆದರೂ ಅತ್ತೆಯವರನ್ನು ಕರೆದುಕೊಂಡು ಪ್ರತಿ ಸ್ಟೇಷನ್ನಿನಲ್ಲಿ ಟಿಕೆಟ್ ತೆಗೆಯುತ್ತಾ ನಿಲ್ಲೋದು ಬೇಡ ಅಂತ ಪಾಸೇ ತಗೊಂಡೆವು. ಆ ತೀರ್ಮಾನ ಸರಿಯಾಗಿತ್ತು.

ಅದೇ ಚಿಕ್ಕಮಗಳೂರಿನ ನನ್ನ ತಂಗಿ ಮಗಳು, ಅಳಿಯ ಹೋಗುವಾಗ ನಾನೇ ಪಾಸ್ ಬೇಡ ಅಂದೆ. ಅವರದ್ದು ಐದು ದಿನ, ಎಲ್ಲಾ ರಾತ್ರಿ ಇಂಟರ್‌ಲಾಕನ್‌ನಲ್ಲೇ, ಆಸೆ ಎರಡು ಮೂರು ಎತ್ತರದ ಬೆಟ್ಟ. ಅವರಿಗೆ ಯುಂಗ್‌ಫ್ರೌಯೋಖ್ ನೋಡಲೇಬೇಕಿತ್ತು. 3,454 ಮೀಟರ್ ಎತ್ತರದಲ್ಲಿರುವ ಅದು ಯೂರೋಪಿನ ಅತಿ ಎತ್ತರದ ರೈಲ್ವೆ ಸ್ಟೇಷನ್, 1912ರಿಂದ ಇದೆ. ಹೋಗಿ ಬರೋಕೆ 200 ಫ್ರಾಂಕ್ ದಾಟುತ್ತೆ. ಅಲ್ಲಿಗೆ ಟ್ರಾವೆಲ್ ಪಾಸ್ ಇದ್ದರೆ ಮೇಲಿನ ಭಾಗಕ್ಕೆ ಕಾಲು ಭಾಗ ಮಾತ್ರ ರಿಯಾಯಿತಿ, ಹಾಫ್ ಫೇರ್ ಇದ್ದರೆ ಅರ್ಧ. ಆ ಒಂದೇ ಟಿಕೆಟ್ಟಿನಲ್ಲಿ ಕಾರ್ಡಿನ ದುಡ್ಡು ಹತ್ತಿರ ಹತ್ತಿರ ವಾಪಸ್ ಬಂದಂಗೆ. ಹೆಚ್ಚು ಊರು ಸುತ್ತುವವರಿಗೆ ಪಾಸ್, ಒಂದೆಡೆ ಕೂತು ಬೆಟ್ಟ ಹತ್ತುವವರಿಗೆ ಹಾಫ್ ಫೇರ್ ಅಂತ ನಾನು ಹೇಳೋದು ಇದಕ್ಕೇ. ಇಂಟರ್‌ಲಾಕನ್ ಸುತ್ತಮುತ್ತಲೇ ಐದಾರು ದಿನ ಇರುವುದಾದರೆ ಬರ್ನರ್ ಓಬರ್‌ಲಾಂಡ್ ಪಾಸ್, ಲುಸರ್ನ್ ಸುತ್ತಮುತ್ತಲಾದರೆ ಟೆಲ್ ಪಾಸ್ ಅಂತ ಆಯಾ ಸೀಮೆಯದ್ದೇ ಇವೆ. ಅವನ್ನೂ ಪಟ್ಟಿಯ ಪಕ್ಕ ಇಟ್ಟು ನೋಡಿ.

ಬೆಟ್ಟದ ಮೇಲಿನ ಟಿಕೆಟ್ ಮಾತ್ರ ಮುಂಚೆ ತೆಗೆಯಬೇಡಿ. ಜುಲೈನಲ್ಲಿ ಮಂಜರಾಬಾದ್ ಕೋಟೆ ಹತ್ತಿದವರಿಗೆ ಗೊತ್ತು, ಮಂಜು ಕವಿದರೆ ಎದುರಿಗಿರುವ ಗೋಡೆಯೂ ಕಾಣಲ್ಲ. ಅಲ್ಲೂ ಅಷ್ಟೇ. ಪ್ರತಿ ಶಿಖರಕ್ಕೂ ಕ್ಯಾಮೆರಾ ಇಟ್ಟಿರುತ್ತಾರೆ, ಮೊಬೈಲಿನಲ್ಲೇ ಆ ಹೊತ್ತಿನ ಚಿತ್ರ ಬರುತ್ತೆ. ಬೆಳಿಗ್ಗೆ ಆರೂವರೆಗೆ ಎದ್ದು ನೋಡಿ, ನೀಲಿ ಕಂಡರೆ ಟಿಕೆಟ್ ತೆಗೆದು ಓಡಿ. ನಾವು ನೋಡಿದ ದಿನ ಪರದೆ ತುಂಬಾ ಬರೀ ಬಿಳಿ. ಯುಂಗ್‌ಫ್ರೌಯೋಖ್ ಬಿಟ್ಟು ಪಾಸಿನಲ್ಲೇ ಲಾಟರ್‌ಬ್ರುನೆನ್‌ನಿಂದ ಮ್ಯೂರೆನ್‌ಗೆ ಹೋದೆವು. ಕಾರು ಬಾರದ ಹಳ್ಳಿ ಅದು. ಮಧ್ಯಾಹ್ನ ಮೋಡ ಅರ್ಧ ಗಂಟೆ ಸರಿದು ಎದುರಿನ ಹಿಮದ ಗೋಡೆ ಪೂರ್ತಿ ಕಂಡಿತು. ಅತ್ತೆಯವರು ಕೈ ಮುಗಿದರು.

ಮಕ್ಕಳಿದ್ದರೆ ಫ್ಯಾಮಿಲಿ ಕಾರ್ಡ್ ಕೇಳಿ ತಗೊಳ್ಳಿ. 6ರಿಂದ 15 ವರ್ಷದವರಿಗೆ ಅಪ್ಪನೋ ಅಮ್ಮನೋ ಜೊತೆಗಿದ್ದರೆ ಪೂರ್ತಿ ಉಚಿತ, ಕಾರ್ಡಿಗೂ ದುಡ್ಡಿಲ್ಲ. ನಮ್ಮ ಮಗನಿಗೆ ಹೀಗೆ ಒಂದು ಪಾಸಿನ ದುಡ್ಡು ಉಳಿಯಿತು. 25 ತುಂಬದವರಿಗೆ ಪಾಸಿನಲ್ಲಿ ರಿಯಾಯಿತಿ ಇದೆ. ಪಾಸ್ ಮೇಲೆ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು. ನಮ್ಮ ಕಡೆ ಇನಿಶಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಅಪ್ಪನ ಹೆಸರು. ಟಿಟಿ ಬಂದು ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡುತ್ತಾರೆ. ಪಾಸ್ ಇಂಟರ್‌ನೆಟ್ಟಿನಲ್ಲೇ ಸಿಗುತ್ತೆ, ಎರಡು ದಿನ ಮುಂಚೆ ತೆಗೆದರೂ ಅದೇ ದರ. ಹಾಗಾಗಿ ವೀಸಾ ಕೈಗೆ ಬರುವ ತನಕ ತೆಗೆಯುವ ಅವಸರ ಬೇಡ. ಬೇಗ ತೆಗೆದಷ್ಟೂ ಅಗ್ಗ ಆಗೋದು ಸೇವರ್ ಡೇ ಪಾಸ್ ಮಾತ್ರ. ಅದು ಒಂದೇ ದಿನಕ್ಕೆ ದೇಶ ಪೂರ್ತಿ ಓಡಾಡುವ ಟಿಕೆಟ್, ಆರು ತಿಂಗಳ ಮುಂಚೆಯಿಂದ ಸಿಗುತ್ತೆ. ಹಾಫ್ ಫೇರ್ ಇದ್ದವರಿಗೆ 29 ಫ್ರಾಂಕ್‌ನಿಂದ ಶುರು. ಒಂದು ದೂರದ ದಿನ ಮಾತ್ರ ಇರೋರಿಗೆ ಹಾಫ್ ಫೇರ್ ಜೊತೆ ಇದೊಂದು ಸೇರಿಸಿದರೆ ಚೆನ್ನಾಗಿ ಕೂಡಿಬರುತ್ತೆ.

ಯೂರೇಲ್ ಪಾಸ್ ಬಗ್ಗೆಯೂ ಕೇಳುತ್ತಾರೆ. ಮೂರು ನಾಲ್ಕು ದೇಶ ದಾಟುವವರಿಗೆ ಅದು ಸರಿ. ಸ್ವಿಟ್ಜರ್ಲೆಂಡ್ ಒಂದೇ ಆದರೆ ಬೇಡ, ಊರೊಳಗಿನ ಬಸ್ಸು, ಟ್ರಾಮಿಗೆ ಅದು ನಡೆಯಲ್ಲ. ಆಸ್ಟ್ರಿಯಾಕ್ಕೂ ಹೋಗುವುದಿದ್ದರೆ ಜ್ಯೂರಿಕ್‌ನಿಂದ ಇನ್ಸ್‌ಬ್ರುಕ್‌ಗೆ ಆರ್ಲ್‌ಬರ್ಗ್ ದಾರಿ ಹಗಲಿನಲ್ಲಿ ಹೋಗಿ. ವಿಯೆನ್ನಾದಿಂದ ದಕ್ಷಿಣಕ್ಕಾದರೆ 1854ರಲ್ಲಿ ಶುರುವಾದ ಸೆಮ್ಮರಿಂಗ್ ಹಳಿ ಇದೆ. ಅದರ ಅಡಿಯಲ್ಲಿ ಉದ್ದನೆಯ ಸುರಂಗ ಕಟ್ಟುತ್ತಿದ್ದಾರೆ, ವೇಗದ ಗಾಡಿಗಳು ಅದಕ್ಕೆ ಇಳಿಯುವ ಮೊದಲೇ ಮೇಲಿನ ದಾರಿಯಲ್ಲಿ ಹೋಗಿಬರಬೇಕು ಅಂತ ನನಗೂ ಆಸೆ.

ಸುರಂಗದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇದು ತುಂಬಾ ಜನ ತಪ್ಪುವ ಜಾಗ. ಆ್ಯಪ್‌ನಲ್ಲಿ ಹೊರಡುವ ಊರು, ಸೇರುವ ಊರು ಹಾಕಿದರೆ ಅದು ಬೇಗ ಮುಟ್ಟುವ ದಾರಿ ತೋರಿಸುತ್ತೆ. ಬೇಗ ಮುಟ್ಟುವ ದಾರಿ ಬೆಟ್ಟದ ಬುಡದಲ್ಲಿ ಕತ್ತಲೆಯೊಳಗೆ ಹೋಗುತ್ತೆ. ಗೊಟ್ಟಾರ್ಡ್ ಕೆಳಗೆ 2016ರಲ್ಲಿ 57 ಕಿ.ಮೀ. ಸುರಂಗ ಬಂತು, ಲ್ಯೋಟ್ಶ್‌ಬರ್ಗ್ ಕೆಳಗೆ 2007ರಲ್ಲಿ 34.6 ಕಿ.ಮೀ. ಹಳೆಯ ಬೆಟ್ಟದ ದಾರಿಗಳು ಎರಡೂ ಇನ್ನೂ ಇವೆ, ಗಾಡಿಯೂ ಇದೆ. ಅದಕ್ಕೆ ಆ್ಯಪ್‌ನಲ್ಲಿ 'ವಯಾ' ಅನ್ನುವ ಕಡೆ ನೀವೇ ಊರಿನ ಹೆಸರು ಹಾಕಬೇಕು. ಗೊಟ್ಟಾರ್ಡ್‌ಗೆ ಗ್ಯೋಶೆನೆನ್, ಲ್ಯೋಟ್ಶ್‌ಬರ್ಗ್‌ಗೆ ಕಾಂಡರ್‌ಸ್ಟೆಗ್. ಹಳೆಯ ಗೊಟ್ಟಾರ್ಡ್ ದಾರಿಯಲ್ಲಿ ಹಳಿ ಬೆಟ್ಟದೊಳಗೆ ಸುತ್ತು ಹಾಕುತ್ತಾ ಏರುವುದರಿಂದ ವಾಸೆನ್ ಅನ್ನೋ ಹಳ್ಳಿಯ ಒಂದೇ ಚರ್ಚು ಮೂರು ಸಲ ಮೂರು ಎತ್ತರದಲ್ಲಿ ಕಾಣುತ್ತೆ.

ನಮ್ಮ ದಾರಿ ಹೀಗಿತ್ತು: ಲುಸರ್ನ್‌ನಲ್ಲಿ ಎರಡು ರಾತ್ರಿ, ಲಾಟರ್‌ಬ್ರುನೆನ್‌ನಲ್ಲಿ ಮೂರು, ಕೂರ್‌ನಲ್ಲಿ ಎರಡು. ಬೇರೆ ಬೇರೆ ಊರಲ್ಲಿ ಒಂದೊಂದೇ ರಾತ್ರಿ ಮಲಗುವ ಪ್ಲಾನ್ ಮಾಡಬೇಡಿ, ಪೆಟ್ಟಿಗೆ ಎಳೆಯೋದರಲ್ಲೇ ದಿನ ಹೋಗುತ್ತೆ. ಎರಡನೇ ದಿನ ಲುಸರ್ನ್‌ನಿಂದ ದೋಣಿಯಲ್ಲಿ ವಿಟ್ಸ್‌ನೌ, ಅಲ್ಲಿಂದ ಹಲ್ಲಿನ ಹಳಿಯ (ಚಕ್ರ ಜಾರದಂತೆ ಹಳಿಯ ನಡುವೆ ಹಲ್ಲಿನ ಪಟ್ಟಿ ಇರುವ) ರೈಲಿನಲ್ಲಿ ರೀಗಿ ಬೆಟ್ಟ. 1871ರಲ್ಲಿ ಶುರುವಾದ ಇದು ಯೂರೋಪಿನ ಮೊದಲ ಹಲ್ಲಿನ ಹಳಿಯ ಬೆಟ್ಟದ ರೈಲು. ದೋಣಿ, ರೈಲು ಎರಡೂ ಟ್ರಾವೆಲ್ ಪಾಸಿನೊಳಗೇ ಬರುತ್ತೆ.

ಲುಸರ್ನ್‌ನಿಂದ ಇಂಟರ್‌ಲಾಕನ್‌ಗೆ ಹೋಗುವಾಗ ಬಲಗಡೆ ಕೂರಿ. ಸಾರ್ನನ್ ಸರೋವರ, ಲುಂಗರ್ನ್ ಸರೋವರ ಎರಡೂ ಬಲಕ್ಕೆ. ಬ್ರೂನಿಗ್ ಘಾಟಿ ದಾಟಿ ಮೈರಿಂಗೆನ್ ಸ್ಟೇಷನ್ನಿನಲ್ಲಿ ಗಾಡಿ ದಿಕ್ಕು ಬದಲಿಸುತ್ತೆ, ಬಂದ ಕಡೆಯೇ ಮುಖ ಮಾಡಿ ಹೊರಡುತ್ತೆ. ಅಲ್ಲಿ ಜನ ಗಾಬರಿಯಾಗಿ ಎದ್ದು ಸೀಟ್ ಬದಲಾಯಿಸುತ್ತಾರೆ. ನೀವು ಏಳಬೇಡಿ. ದಿಕ್ಕು ಬದಲಾದ ಮೇಲೆ ನಿಮ್ಮ ಬಲ ಎಡವಾಗುತ್ತೆ, ಬ್ರಿಯೆಂಜ್ ಸರೋವರ ಬರೋದೂ ಎಡಕ್ಕೇ. ಒಂದೇ ಕಿಟಕಿಯಲ್ಲಿ ಮೂರು ಸರೋವರ.

ಇಂಟರ್‌ಲಾಕನ್ ಓಸ್ಟ್‌ನಿಂದ ಲಾಟರ್‌ಬ್ರುನೆನ್ ಕಡೆಯ ಗಾಡಿ ಹತ್ತುವಾಗ ಬೋಗಿಯ ಮೇಲಿನ ಬೋರ್ಡ್ ಓದಿ. ಆ ಗಾಡಿ ಸ್ವೈಲ್ಯುಟ್ಶಿನೆನ್‌ನಲ್ಲಿ ಎರಡಾಗುತ್ತೆ, ಅರ್ಧ ಲಾಟರ್‌ಬ್ರುನೆನ್‌ಗೆ, ಅರ್ಧ ಗ್ರಿಂಡಲ್‌ವಾಲ್ಡ್‌ಗೆ. ಒಂದು ಸಂಜೆ ನಾವು ಖಾಲಿ ಸೀಟ್ ನೋಡಿ ಕೂತದ್ದು ಗ್ರಿಂಡಲ್‌ವಾಲ್ಡ್ ಅರ್ಧದಲ್ಲಿ. ಗೊತ್ತಾಗುವ ಹೊತ್ತಿಗೆ ಕಣಿವೆ ಬೇರೆಯಾಗಿತ್ತು. ಪಾಸ್ ಇದ್ದದ್ದರಿಂದ ಒಂದು ಪೈಸೆ ಹೆಚ್ಚು ಕೊಡಬೇಕಾಗಲಿಲ್ಲ. ಇಳಿದು, ಐಗರ್ ಬೆಟ್ಟದ ಉತ್ತರದ ಗೋಡೆ ಸಂಜೆ ಬಿಸಿಲಿನಲ್ಲಿ ಕೆಂಪಾಗೋದನ್ನು ಪ್ಲಾಟ್‌ಫಾರ್ಮಿನಿಂದಲೇ ನೋಡಿ, ಅರ್ಧ ಗಂಟೆಗೆ ಬಂದ ಗಾಡಿ ಹತ್ತಿ ವಾಪಸಾದೆವು. ದಾರಿ ತಪ್ಪಿದರೂ ದುಡ್ಡು ಹೋಗಲ್ಲ ಅನ್ನೋ ನೆಮ್ಮದಿಯನ್ನು ಪಟ್ಟಿಯಲ್ಲಿ ಬರೆಯೋಕೆ ಆಗಲ್ಲ, ಆದರೆ ನಮ್ಮಂಥ ಮೊದಲ ಸಲದವರಿಗೆ ಅದಕ್ಕೂ ಬೆಲೆ ಇದೆ.

ಗ್ಲೇಸಿಯರ್ ಎಕ್ಸ್‌ಪ್ರೆಸ್ ಹತ್ತಬೇಕೋ ಬೇಡವೋ? ಝೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಸುಮಾರು ಎಂಟು ಗಂಟೆ, 91 ಸುರಂಗ, 291 ಸೇತುವೆ. ಪಾಸ್ ಇದ್ದರೂ ರಿಸರ್ವೇಶನ್‌ಗೆ ತಲೆಗೆ ಸುಮಾರು 50 ಫ್ರಾಂಕ್. ನಮ್ಮ ನಾಲ್ವರಿಗೆ 200, ಅಂದರೆ 20,000 ರೂಪಾಯಿ. ನಾವು ಬೇಡ ಅಂದೆವು. ಅದರ ದಾರಿಯ ನಡುಭಾಗವನ್ನೇ ಸಾದಾ ಗಾಡಿಯಲ್ಲಿ ಹೋದೆವು. ಲಾಟರ್‌ಬ್ರುನೆನ್ ಬಿಟ್ಟು ಇಂಟರ್‌ಲಾಕನ್, ಸ್ಪೀಟ್ಸ್, ಅಲ್ಲಿಂದ ಕಾಂಡರ್‌ಸ್ಟೆಗ್ ಮೇಲೆ 1913ರ ಹಳೆಯ ಹಳಿಯಲ್ಲಿ ಬ್ರಿಗ್. ಗೊಪ್ಪೆನ್‌ಸ್ಟೈನ್ ದಾಟಿದ ಮೇಲೆ ಬಲಗಡೆ ರೋನ್ ಕಣಿವೆ ಪಾತಾಳದಲ್ಲಿ ಬಿಚ್ಚಿಕೊಳ್ಳುತ್ತೆ. ಎಡಕುಮರಿ ಹತ್ತಿರ ಕೆಳಗೆ ನೋಡಿದಾಗ ಹೊಟ್ಟೆಯಲ್ಲಿ ಆಗುವುದೇ ಅಲ್ಲೂ ಆಯಿತು. ಬ್ರಿಗ್‌ನಲ್ಲಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಮುಂದಿನ ಚೌಕದಲ್ಲೇ ಕೆಂಪು ಗಾಡಿ ನಿಂತಿರುತ್ತೆ. ಅದರಲ್ಲಿ ಆಂಡರ್ಮಾಟ್, ಅಲ್ಲಿ ಬದಲಾಯಿಸಿ 2,033 ಮೀಟರ್ ಎತ್ತರದ ಓಬರಾಲ್ಪ್ ಘಾಟಿ ದಾಟಿ ಡಿಸೆಂಟಿಸ್, ಮತ್ತೆ ಬದಲಾಯಿಸಿ ರೈನ್ ನದಿಯ ಬಿಳಿ ಕಮರಿಯೊಳಗೆ ಕೂರ್. ಏಳೂವರೆ ಗಂಟೆ, ಐದು ಸಲ ಗಾಡಿ ಬದಲಾವಣೆ.

ಅತ್ತೆಯವರಿಗೆ ಮಂಡಿ ನೋವು. ನಾಲ್ಕನೇ ಬದಲಾವಣೆಗೆ ಸುಸ್ತಾದರು. ಅದಕ್ಕೇ ನೇರವಾಗಿ ಹೇಳುತ್ತೇನೆ: ವಯಸ್ಸಾದವರು ಜೊತೆಗಿದ್ದು, ಅದೊಂದು ದಿನ ಅವರು ಏಳದೆ ಕೂತು ಊಟ ಮಾಡುತ್ತಾ ಹೋಗಬೇಕು ಅನ್ನಿಸಿದರೆ 50 ಫ್ರಾಂಕ್ ಕೊಡಿ, ದುಡ್ಡು ಹಾಳಲ್ಲ. ಕಾಲು ಗಟ್ಟಿ ಇರೋರಿಗೆ ಸಾದಾ ಗಾಡಿಯೇ ಮೇಲು. ಇಷ್ಟವಾದ ಊರಿನಲ್ಲಿ ಇಳಿದು ಮುಂದಿನ ಗಾಡಿಗೆ ಹೋಗಬಹುದು, ಕೆಲವು ಬೋಗಿಗಳಲ್ಲಿ ಕಿಟಕಿಯೂ ತೆರೆಯುತ್ತೆ. ಗಾಜಿನ ಬೋಗಿಯಲ್ಲಿ ತೆಗೆದ ಫೋಟೋದಲ್ಲಿ ಬೆಟ್ಟದ ಜೊತೆ ನಮ್ಮ ಮುಖವೂ ಬರುತ್ತೆ. ಬುತ್ತಿ ಕಟ್ಟಿಕೊಂಡು ಹೋಗಿ. ನಾವು ಮನೆಯಿಂದ ಒಯ್ದ ಚಟ್ನಿಪುಡಿ, ಅಲ್ಲಿನ ಅಂಗಡಿಯ ಬ್ರೆಡ್ಡು ಮೊಸರು. ನೀರು ಕೊಳ್ಳಬೇಕಾಗಿಲ್ಲ, ಊರಿನ ಕಾರಂಜಿಯ ನಲ್ಲಿ ನೀರೇ ಕುಡಿಯಬಹುದು.

ಒಂದೇ ಒಂದು ದಾರಿ ಹೋಗೋಕೆ ಆಗೋದು ಅಂದರೆ ನಾನು ಬರ್ನಿನಾ ಅನ್ನುತ್ತೇನೆ. ಕೂರ್‌ನಿಂದ ಬೆಳಿಗ್ಗೆ ಬೇಗ ಹೊರಡಿ, ಬಲಗಡೆ ಕೂರಿ. ಫಿಲಿಸೂರ್‌ಗೆ ಸ್ವಲ್ಪ ಮುಂಚೆ ಲಾಂಡ್‌ವಾಸರ್ ಸೇತುವೆ. 1902ರಲ್ಲಿ ಕಟ್ಟಿ ಮುಗಿಸಿದ್ದು, 65 ಮೀಟರ್ ಎತ್ತರ, ಆರು ಕಮಾನು. ಕಲ್ಲಿನ ಕಂಬಗಳ ಮೇಲೆ ಗಾಡಿ ಬಾಗುತ್ತಾ ಹೋಗಿ ನೇರ ಬಂಡೆಯ ಎದೆಯಲ್ಲಿರುವ ಸುರಂಗಕ್ಕೆ ನುಗ್ಗುತ್ತೆ. ಮಗ ಉಸಿರು ಬಿಗಿಹಿಡಿದು ನೋಡಿದ. ಸೇಂಟ್ ಮೊರಿಟ್ಜ್‌ನಲ್ಲಿ ಬದಲಾಯಿಸಿದರೆ ತಿರಾನೋ ಗಾಡಿ, ಗಂಟೆಗೊಂದು ಸಿಗುತ್ತೆ, ರಿಸರ್ವೇಶನ್ ಬೇಡ. 2,253 ಮೀಟರ್ ಎತ್ತರದ ಓಸ್ಪಿಝಿಯೋ ಬರ್ನಿನಾದಲ್ಲಿ ಹಾಲಿನಂಥ ಸರೋವರದ ಪಕ್ಕ ಹೋಗಿ, ಅಲ್ಲಿಂದ 429 ಮೀಟರಿನ ತಿರಾನೋಗೆ ಇಳಿಯುತ್ತೆ. ನಮ್ಮ ಘಾಟಿ 50 ಅಡಿಗೆ ಒಂದು ಅಡಿ ಇಳಿಜಾರು, ಅದಕ್ಕೇ ಹಿಂದಿನಿಂದ ತಳ್ಳೋಕೆ ಬೇರೆ ಎಂಜಿನ್ ಬೇಕು. ಬರ್ನಿನಾದಲ್ಲಿ 14 ಅಡಿಗೆ ಒಂದು ಅಡಿ, ಅದೂ ಹಲ್ಲಿನ ಪಟ್ಟಿ ಇಲ್ಲದೆ, ಬರೀ ಚಕ್ರದ ಹಿಡಿತದಲ್ಲಿ. ಬ್ರೂಸಿಯೋದಲ್ಲಿ ಇಳಿಯೋಕೆ ಜಾಗ ಸಾಲದೆ ಬಯಲಿನಲ್ಲೇ ಕಲ್ಲಿನ ಕಮಾನಿನ ಮೇಲೆ ಒಂದು ಸುತ್ತು ಸುತ್ತಿ ತನ್ನದೇ ಹಳಿಯ ಅಡಿಯಲ್ಲಿ ನುಸುಳುತ್ತೆ. 2008ರಲ್ಲಿ ಯುನೆಸ್ಕೋ ಈ ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ತಿರಾನೋ ಇಟಲಿಗೆ ಸೇರಿದ್ದು. ಸ್ವಿಸ್ ಪಾಸ್ ಅಲ್ಲಿಯವರೆಗೆ ನಡೆಯುತ್ತೆ, ಅಲ್ಲಿಂದ ಆಚೆಗೆ ಇಲ್ಲ. ಮಿಲಾನ್‌ಗೆ ಮುಂದುವರಿಯೋರು ಪಕ್ಕದ ಇಟಲಿಯ ಸ್ಟೇಷನ್ನಿನಲ್ಲಿ ಬೇರೆ ಟಿಕೆಟ್ ತೆಗೆಯಬೇಕು, ಆ ಗಾಡಿ ಕೋಮೋ ಸರೋವರದ ದಡದಲ್ಲೇ ಹೋಗುತ್ತೆ. ವಾಪಸ್ ಕೂರ್‌ಗೆ ಬರೋರು ಚೌಕದಲ್ಲಿ ಒಂದು ಕಾಫಿ ಕುಡಿದು ಮೂರು ಗಂಟೆಯೊಳಗೆ ಗಾಡಿ ಹತ್ತಿ. ಬರುವಾಗ ಎಡಗಡೆ ಕೂರಿ. ಬೆಳಿಗ್ಗೆ ನೆರಳಿನಲ್ಲಿದ್ದ ಬೆಟ್ಟದ ಮೇಲೆ ಆಗ ಬಿಸಿಲು ಬಿದ್ದಿರುತ್ತೆ, ರಾತ್ರಿ ಊಟದ ಹೊತ್ತಿಗೆ ಕೂರ್ ಮುಟ್ಟುತ್ತೀರಿ.